ಬೀಜ ಕೆಟ್ಟಿತೋ, ರೋಗಾಣು ಬದಲಾಯಿತೋ?



ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಗಳಲ್ಲಿ ಮುಂಗಾರು ಭತ್ತ ಹೊಡೆಗೆ ಬರುವ ದಿನಗಳಲ್ಲಿ ರೈತರು ಒಣಗಿದ ಎಲೆಗಳನ್ನು ಕಿತ್ತು ತಂದು ಮೇಜಿನ ಮೇಲಿಟ್ಟು ಕೇಳುವ ಮಾತೊಂದಿದೆ: ‘ಸಾಹೇಬ್ರ, ರೋಗ ತಡೀತೈತಿ ಅಂತ ಹೇಳಿ ಕೊಟ್ಟ ಬೀಜಕ್ಕೂ ರೋಗ ಬಂತಲ್ರಿ. ಬೀಜದಾಗ ಮೋಸ ಆತೇನ್ರಿ?’

ಪ್ರಶ್ನೆ ನ್ಯಾಯವಾದದ್ದೇ. ಕಲಬೆರಕೆ ಬೀಜ ಮಾರುವವರು ಇಲ್ಲದಿಲ್ಲ. ಆದರೆ ಬೀಜ ಅಪ್ಪಟವಾಗಿದ್ದು, ಬೇಸಾಯ ಚೊಕ್ಕವಾಗಿದ್ದಾಗಲೂ ತಳಿಯ ರೋಗ ನಿರೋಧಕ ಶಕ್ತಿ ಸೋತುಹೋಗುವುದುಂಟು. ಬೀಜ ಇದ್ದ ಹಾಗೆಯೇ ಇರುತ್ತದೆ, ಬದಲಾಗುವುದು ರೋಗಾಣು. ಅದು ಬದಲಾಗುವುದರಲ್ಲಿ ನಮ್ಮ ಬೇಸಾಯ ಪದ್ಧತಿಯ ಪಾಲೂ ಇದೆ ಎಂಬುದೇ ಈ ವಾರ ನಾವು ವಿಚಾರ ಮಾಡಬೇಕಾದ ಸಂಗತಿ.

ಈ ವಿಷಯ ನಮ್ಮೊಬ್ಬರದೇ ಅಲ್ಲ. ಪೂರ್ವ ಆಫ್ರಿಕದ ಟಾಂಜಾನಿಯಾ ದೇಶದ ಮೊರೊಗೊರೊ ಪ್ರದೇಶದಲ್ಲಿ 2019ರಲ್ಲಿ ಭತ್ತದ ಗದ್ದೆಗಳಿಗೆ ದುಂಡಾಣು ಎಲೆ ಅಂಗಮಾರಿ ರೋಗ ಬಿತ್ತು. ಆಫ್ರಿಕದಲ್ಲಿ ಈ ರೋಗ ಮೊದಲಿನಿಂದಲೂ ಇತ್ತು. ಆದರೆ ಅಲ್ಲಿನ ದುಂಡಾಣುಗಳ ಕವಲೇ ಬೇರೆ, ಏಷ್ಯದವುಗಳ ಕವಲೇ ಬೇರೆ. ಟಾಂಜಾನಿಯಾದ ಗದ್ದೆಗಳಿಂದ ತೆಗೆದ ದುಂಡಾಣುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವು ಆಫ್ರಿಕದ ಹಳೆಯ ಪಂಗಡಗಳಿಗಿಂತ ಏಷ್ಯದ ಪಂಗಡಗಳಿಗೇ ಹತ್ತಿರವಾಗಿವೆ ಎಂದು 2023ರಲ್ಲಿ ಪ್ರಕಟಿಸಿದರು. ಆಫ್ರಿಕದ ಹಳೆಯ ಪಂಗಡಗಳಲ್ಲಿ ಕಾಣದ ಆಯುಧಗಳೂ ಅವುಗಳಲ್ಲಿ ಇದ್ದವು. ಗಾಳಿ ಮಳೆಯಲ್ಲಿ ಈ ರೋಗಾಣು ಗದ್ದೆಯಿಂದ ಗದ್ದೆಗೆ ಹೋದೀತೇ ಹೊರತು ಸಮುದ್ರ ದಾಟಲಾರದು. ಆದುದರಿಂದ ದೇಶದಿಂದ ದೇಶಕ್ಕೆ ಸಾಗುವ ಬೀಜ, ಹುಲ್ಲು, ಸಸ್ಯಗಳ ಮೇಲೆಯೇ ಅನುಮಾನ ಬೀಳುವುದು ಸಹಜ. ರೋಗಾಣು ಬದಲಾಗುತ್ತದೆ, ಬದಲಾದದ್ದು ದೂರ ಪ್ರಯಾಣವನ್ನೂ ಮಾಡುತ್ತದೆ ಎಂಬುದಕ್ಕೆ ಇದು ಈಚಿನ ನಿದರ್ಶನ.

ರೋಗದ ಗುರುತು

ಮೊದಲು ಶತ್ರುವಿನ ಗುರುತು ಹಿಡಿಯೋಣ. ರೋಗವು ಎಲೆಯ ತುದಿಯಿಂದಾಗಲಿ ಅಂಚಿನಿಂದಾಗಲಿ ಶುರುವಾಗುತ್ತದೆ. ಮೊದಲು ನೀರು ತುಂಬಿದಂತಹ ಗೆರೆ, ಆಮೇಲೆ ಹಳದಿ ಪಟ್ಟೆ, ಕೊನೆಗೆ ಒಣ ಹುಲ್ಲಿನ ಬಣ್ಣ. ಒಣಗಿದ ಭಾಗಕ್ಕೂ ಹಸಿರು ಭಾಗಕ್ಕೂ ನಡುವಿನ ಗೆರೆ ನೇರವಾಗಿರದೆ ಅಲೆಯಂತೆ ಅಂಕುಡೊಂಕಾಗಿರುತ್ತದೆ. ಬೆಳಗಿನ ಹೊತ್ತು ಎಲೆಯ ಮೇಲೆ ಮಬ್ಬಾದ ಹನಿಗಳು ಕಾಣುತ್ತವೆ. ಬಿಸಿಲೇರಿದಾಗ ಅವು ಒಣಗಿ ಹಳದಿ ಹರಳುಗಳಾಗುತ್ತವೆ. ಆ ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ದುಂಡಾಣುಗಳಿರುತ್ತವೆ.

ನಾಟಿಯಾದ ಎರಡು ಮೂರು ವಾರಗಳಲ್ಲೇ ರೋಗ ಬಿದ್ದರೆ ಇಡೀ ಬುಡವೇ ಬಾಡಿ ಒಣಗುತ್ತದೆ. ಇದನ್ನು ಕಾಂಡಕೊರಕದ ಬಾಧೆ ಎಂದು ತಿಳಿದು ಕೀಟನಾಶಕ ಹೊಡೆಯುವವರುಂಟು. ಕಾಂಡಕೊರಕವಾದರೆ ಒಣಗಿದ ಸುಳಿಯನ್ನು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಈ ರೋಗದಲ್ಲಿ ಹಾಗೆ ಬರುವುದಿಲ್ಲ.

ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಸಿರು ಹಳದಿ ಎರಡೂ ಸೇರಿರುವ ಕಡೆ ಎಲೆಯನ್ನು ಎರಡು ಮೂರು ಅಂಗುಲ ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ನಿಲ್ಲಿಸಿರಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಹೊಗೆಯಂತೆ ಮಬ್ಬು ಎಳೆ ಹೊರಬಂದರೆ ಅದು ದುಂಡಾಣು ರೋಗವೇ. ಮಣ್ಣಿನಲ್ಲಿ ಸತು ಕಡಿಮೆಯಾಗಿಯೋ ಬಿಸಿಗಾಳಿಗೋ ಒಣಗಿದ ಎಲೆಯಲ್ಲಿ ಹೀಗೆ ಬರುವುದಿಲ್ಲ.

ರೋಗ ಸಾಧಾರಣವಾಗಿ ಬಿದ್ದಲ್ಲಿ ನೂರಕ್ಕೆ 20ರಿಂದ 30ರಷ್ಟು ಇಳುವರಿ ಹೋಗುತ್ತದೆ. ತೀವ್ರವಾದಲ್ಲಿ ಅರ್ಧದಷ್ಟು ಹೋಗುವುದೂ ಉಂಟು. ಉಳಿದ ತೆನೆಯಲ್ಲೂ ಜೊಳ್ಳು ಹೆಚ್ಚು, ಗಿರಣಿಯಲ್ಲಿ ನುಚ್ಚು ಹೆಚ್ಚು.

ರೋಗದ ಹಿನ್ನೆಲೆ

ಈ ರೋಗವನ್ನು 1884ರಲ್ಲಿ ಜಪಾನಿನ ಫುಕುವೋಕಾ ಪ್ರಾಂತದ ರೈತರು ಮೊದಲು ಗುರುತಿಸಿದರು. ಭಾರತದಲ್ಲಿ 1951ರಲ್ಲಿ ಈಗಿನ ಮಹಾರಾಷ್ಟ್ರದ ಕೊಲಾಬಾ ಜಿಲ್ಲೆಯಲ್ಲಿ ಕಂಡುಬಂತು. ಹನ್ನೆರಡು ವರ್ಷಗಳಲ್ಲಿ, ಅಂದರೆ 1963ರಲ್ಲಿ, ಬಿಹಾರದ ಶಹಾಬಾದ್ ಜಿಲ್ಲೆಯಲ್ಲಿ ಪಿಡುಗಾಗಿ ಹಬ್ಬಿತು. 1979 ಮತ್ತು 1980ರಲ್ಲಿ ಪಂಜಾಬ್, ಹರಿಯಾಣಗಳ ಭತ್ತವನ್ನು ಕಾಡಿತು.

1960ರ ದಶಕದಲ್ಲಿ ಬಂದ ತೈಚುಂಗ್ ನೇಟಿವ್-1, ಐಆರ್-8 ಮುಂತಾದ ಗಿಡ್ಡ ತಳಿಗಳು ಇಳುವರಿ ಕೊಟ್ಟವು; ಆದರೆ ಈ ರೋಗಕ್ಕೆ ಬೇಗ ತುತ್ತಾದವು. ಅಲ್ಲಿಯವರೆಗೆ ಊರಿಗೊಂದು ತಳಿ, ಹೊಲಕ್ಕೊಂದು ತಳಿ ಇತ್ತು. ಈಗ ನೂರಾರು ಮೈಲಿ ಒಂದೇ ತಳಿ, ದಂಡಿಯಾಗಿ ಸಾರಜನಕ ಗೊಬ್ಬರ, ಗದ್ದೆಯಿಂದ ಗದ್ದೆಗೆ ಹರಿಯುವ ಕಾಲುವೆ ನೀರು. ಭತ್ತದ ಇಳುವರಿ ಹೆಚ್ಚಿಸಿದ ಏರ್ಪಾಡೇ ರೋಗಾಣುವಿಗೂ ಹಬ್ಬದೂಟವಾಯಿತು.

ರೋಗಾಣು ಬದಲಾಗುವುದು ಹೇಗೆ?

ದುಂಡಾಣುವಿನ ಹುಟ್ಟುಗುಣವೆಲ್ಲ ಅದರ ಒಡಲಿನಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಒಂದು ಉದ್ದನೆಯ ಬರಹದಂತೆ ಇರುತ್ತದೆ. ಕೊರಿಯಾದ ವಿಜ್ಞಾನಿಗಳು ಈ ದುಂಡಾಣುವಿನ ಒಂದು ಪಂಗಡದ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿ 2005ರಲ್ಲಿ ಪ್ರಕಟಿಸಿದರು. ಅದರಲ್ಲಿ 49 ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ. ಒಂದು ದುಂಡಾಣು ಎರಡಾಗುವಾಗ ಇಷ್ಟನ್ನೂ ನಕಲು ಮಾಡಬೇಕು. ಹಿಂದೆ ಶಾನುಭೋಗರು ಪಹಣಿ ನಕಲು ಮಾಡುವಾಗ ಎಲ್ಲೋ ಒಂದು ಅಂಕಿ ತಪ್ಪುತ್ತಿತ್ತಷ್ಟೆ, ಇಲ್ಲಿಯೂ ಹಾಗೆಯೇ. ಸಾಮಾನ್ಯವಾಗಿ ದುಂಡಾಣುಗಳಲ್ಲಿ ಕೆಲವು ನೂರು ನಕಲುಗಳಿಗೆ ಒಂದರಂತೆ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ.

ಇದು ಅಲ್ಪವೆಂದು ತೋರಬಹುದು. ಆದರೆ ರೋಗ ಬಲಿತ ಒಂದೇ ಎಲೆಯಲ್ಲಿ ಹತ್ತು ಕೋಟಿಗೂ ಹೆಚ್ಚು ದುಂಡಾಣುಗಳಿರುತ್ತವೆ. ಮುನ್ನೂರಕ್ಕೆ ಒಂದು ತಪ್ಪು ಎಂದು ಹಿಡಿದರೂ ಒಂದು ಎಲೆಯಲ್ಲಿ ಮೂರು ಲಕ್ಷಕ್ಕೂ ಮೀರಿ ತಪ್ಪು ನಕಲುಗಳಾದವು. ಅಕ್ಷರ ತಪ್ಪುವುದಲ್ಲದೆ, ಈ ದುಂಡಾಣುವಿನ ಬರಹದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳೂ ಹೇರಳವಾಗಿವೆ. ಅವು ಜಿಗಿದಾಗ ಸಾಲುಗಳೇ ಹಿಂದು ಮುಂದಾಗುತ್ತವೆ.

ಈ ತಪ್ಪುಗಳಲ್ಲಿ ಬಹುಪಾಲು ನಿಷ್ಪ್ರಯೋಜಕ. ಹಲವು ದುಂಡಾಣುವಿಗೇ ಕೇಡು. ಎಲ್ಲೋ ಒಂದು ಮಾತ್ರ ಅದಕ್ಕೆ ಅನುಕೂಲವಾಗಿ ಬೀಳುತ್ತದೆ. ದುಂಡಾಣು ಯೋಚನೆ ಮಾಡಿ ಬದಲಾಗುವುದಿಲ್ಲ, ಔಷಧ ಕಂಡು ಹಠ ಹಿಡಿಯುವುದೂ ಇಲ್ಲ. ಬದಲಾವಣೆ ಗೊತ್ತುಗುರಿಯಿಲ್ಲದೆ ಆಗುತ್ತಿರುತ್ತದೆ. ಅವುಗಳಲ್ಲಿ ಯಾವುದು ಬದುಕಬೇಕು, ಯಾವುದು ಸಾಯಬೇಕು ಎಂಬುದನ್ನು ಆರಿಸುವುದು ನಾವು ಗದ್ದೆಯಲ್ಲಿ ಹಾಕಿದ ತಳಿ ಮತ್ತು ಹೊಡೆದ ಔಷಧ. ಕಣದಲ್ಲಿ ಭತ್ತ ತೂರುವಾಗ ಗಾಳಿ ಜೊಳ್ಳನ್ನೂ ಗಟ್ಟಿಯನ್ನೂ ಬೇರೆ ಮಾಡುವಂತೆ ಇದು ನಡೆಯುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಗಟ್ಟಿಯಾಗಿ ಉಳಿಯುವುದು ನಮ್ಮ ಶತ್ರು.

ಫಿಲಿಪ್ಪೀನ್ಸ್ ಕಲಿಸಿದ ಪಾಠ

ಭತ್ತದ ಗಿಡದಲ್ಲಿ ಈ ರೋಗವನ್ನು ತಡೆಯುವ ವಂಶವಾಹಿಗಳಿವೆ. ಇವಕ್ಕೆ ವಿಜ್ಞಾನಿಗಳು ಎಕ್ಸ್‌ಎ-1, ಎಕ್ಸ್‌ಎ-4 ಎಂದು ಮುಂತಾಗಿ ಅಂಕಿ ಹಾಕಿ ಹೆಸರಿಟ್ಟಿದ್ದಾರೆ. ಇಂತಹ ವಂಶವಾಹಿಯನ್ನು ಊರ ಕಾವಲುಗಾರನೆಂದು ತಿಳಿಯಿರಿ. ಕಳ್ಳನ ಒಂದು ಗುರುತು ಅವನಿಗೆ ಗೊತ್ತು. ಆ ಗುರುತು ಕಂಡೊಡನೆ ಕೂಗುತ್ತಾನೆ. ಗಿಡ ಎಚ್ಚೆತ್ತು ರೋಗಾಣುವನ್ನು ಅಲ್ಲೇ ಕಟ್ಟಿಹಾಕುತ್ತದೆ. ಕಳ್ಳ ತನ್ನ ಗುರುತು ಬದಲಿಸಿಕೊಂಡರೆ ಕಾವಲುಗಾರ ಎದುರಿಗಿದ್ದೂ ಸುಮ್ಮನಿರುತ್ತಾನೆ.

ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1969ರಲ್ಲಿ ಐಆರ್-20 ತಳಿಯನ್ನು ಬಿಡುಗಡೆ ಮಾಡಿತು. ಅದರಲ್ಲಿದ್ದ ಎಕ್ಸ್‌ಎ-4 ವಂಶವಾಹಿ ನಮ್ಮ ನೆರೆಯ ತಮಿಳುನಾಡಿನ ಟಿಕೆಎಂ-6 ಎಂಬ ತಳಿಯಿಂದ ಹೋದದ್ದು. ಆಗ ಅಲ್ಲಿನ ಗದ್ದೆಗಳಲ್ಲಿ ಹೆಚ್ಚಾಗಿದ್ದ ದುಂಡಾಣು ಒಂದನೇ ಪಂಗಡದ್ದು. ಎಕ್ಸ್‌ಎ-4 ಅದನ್ನು ಚೆನ್ನಾಗಿ ತಡೆಯಿತು. ತಡೆಯಿತೆಂದೇ ಅದೊಂದೇ ವಂಶವಾಹಿಯುಳ್ಳ ತಳಿಗಳು ದೇಶದ ತುಂಬ ಹಬ್ಬಿದವು. ಒಂದು ದಶಕ ಕಳೆಯುವಷ್ಟರಲ್ಲಿ ಎಕ್ಸ್‌ಎ-4ರ ಕಣ್ಣು ತಪ್ಪಿಸಬಲ್ಲ ಎರಡನೇ ಪಂಗಡ ಮೇಲುಗೈ ಪಡೆಯಿತು. ಬೀಜ ಕೆಟ್ಟಿರಲಿಲ್ಲ, ವಂಶವಾಹಿ ಕಳೆದುಹೋಗಿರಲಿಲ್ಲ. ಎಲ್ಲ ಗದ್ದೆಗಳಲ್ಲೂ ಒಬ್ಬನೇ ಕಾವಲುಗಾರನನ್ನು ನಿಲ್ಲಿಸಿದ್ದೇ ಅವನನ್ನು ಯಾಮಾರಿಸಬಲ್ಲ ಕಳ್ಳನಿಗೆ ಇಡೀ ರಾಜ್ಯ ಬಿಟ್ಟುಕೊಟ್ಟಂತಾಯಿತು.

ಆದರೆ ಎಲ್ಲ ಕಾವಲೂ ಹೀಗೆ ಬೇಗ ಸೋಲುವುದಿಲ್ಲ. ಎಕ್ಸ್‌ಎ-7 ಎಂಬ ವಂಶವಾಹಿ ಫಿಲಿಪ್ಪೀನ್ಸ್‌ನ ಗದ್ದೆಗಳಲ್ಲೇ ಬಹುಕಾಲ ಗಟ್ಟಿಯಾಗಿ ನಿಂತಿತು. ಕಾರಣವನ್ನು 2000ದಲ್ಲಿ ವಿಜ್ಞಾನಿಗಳು ವಿವರಿಸಿದರು. ಈ ಕಾವಲುಗಾರ ಕಳ್ಳನನ್ನು ಗುರುತಿಸುವುದು ಅವನ ಕನ್ನಗೋಲಿನಿಂದ. ಕನ್ನಗೋಲು ಬಿಟ್ಟು ಬಂದರೆ ಕಳ್ಳ ಸಿಕ್ಕಿಬೀಳುವುದಿಲ್ಲ, ನಿಜ. ಆದರೆ ಗೋಡೆ ಕೊರೆಯುವ ಶಕ್ತಿಯೂ ಅರ್ಧ ಹೋಗುತ್ತದೆ. ಹಾಗೆ ಬದಲಾದ ದುಂಡಾಣು ಬಲಗುಂದಿ, ಮುಂದಿನ ಹಂಗಾಮಿಗೆ ಹೆಚ್ಚಾಗಿ ಉಳಿಯುವುದಿಲ್ಲ. ಆದುದರಿಂದ ‘ಈ ತಳಿ ರೋಗ ತಡೆಯುತ್ತದೆಯೇ?’ ಎಂದು ಕೇಳುವುದರ ಜತೆಗೆ ‘ಎಷ್ಟು ವರ್ಷ ತಡೆಯುತ್ತದೆ, ಯಾವ ಬಲದಿಂದ ತಡೆಯುತ್ತದೆ?’ ಎಂದೂ ಕೇಳಬೇಕು.

ಔಷಧ ಹೊಡೆದರೆ ಆಗದೇ?

ಗೊಬ್ಬರದ ಅಂಗಡಿಯಲ್ಲಿ ಸಣ್ಣ ಪೊಟ್ಟಣದ ಪುಡಿ ಕೊಟ್ಟು ‘ಇದನ್ನು ಹೊಡೆಯಿರಿ, ಮೂರೇ ದಿನದಲ್ಲಿ ಗುಣ’ ಎನ್ನುವುದುಂಟು. ಆ ಪುಡಿ ಬಹುಮಟ್ಟಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎಂಬ ಪ್ರತಿಜೈವಿಕಗಳ ಮಿಶ್ರಣ. ಸ್ಟ್ರೆಪ್ಟೊಮೈಸಿನ್ ಎಂದರೆ ಕ್ಷಯರೋಗಿಗಳಿಗೆ ಸೂಜಿಯ ಮೂಲಕ ಕೊಡುತ್ತಿದ್ದ ಔಷಧವೇ. ಹಿಂದೆ ನಮ್ಮ ಇಲಾಖೆಯವರೂ ಇದನ್ನು ತಾಮ್ರದ ಔಷಧದೊಂದಿಗೆ ಶಿಫಾರಸು ಮಾಡುತ್ತಿದ್ದೆವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಈಗ ಆ ಮಾತನ್ನು ತಿದ್ದಿಕೊಳ್ಳಬೇಕಾಗಿದೆ.

ಮೊದಲನೆಯ ಕಾರಣ: ದುಂಡಾಣು ಎಲೆಯ ಮೇಲೆ ಕುಳಿತಿರುವುದಿಲ್ಲ. ಎಲೆಯಂಚಿನ ಸೂಕ್ಷ್ಮ ರಂಧ್ರಗಳಿಂದಲೋ ಗಾಯಗಳಿಂದಲೋ ಒಳಹೊಕ್ಕು, ನೀರು ಸಾಗುವ ನಾಳಗಳಲ್ಲಿ ತುಂಬಿಕೊಂಡಿರುತ್ತದೆ. ಮೇಲೆ ಹೊಡೆದ ಔಷಧ ಅಲ್ಲಿಗೆ ತಲುಪುವುದು ಕಡಿಮೆ. ಗದ್ದೆ ಒಣಗಿದ ಮೇಲೆ ಹೊಡೆಯುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎರಡನೆಯ ಕಾರಣ ಇನ್ನೂ ದೊಡ್ಡದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಸೇಬಿನ ತೋಟಗಳಿಗೆ ಬೀಳುವ ಇನ್ನೊಂದು ದುಂಡಾಣು ರೋಗಕ್ಕೆ ಸ್ಟ್ರೆಪ್ಟೊಮೈಸಿನ್ನನ್ನೇ ವರ್ಷಗಟ್ಟಲೆ ಸಿಂಪಡಿಸಿದರು. 1971ರಲ್ಲಿ ಅಲ್ಲಿ ಅದಕ್ಕೆ ಬಗ್ಗದ ದುಂಡಾಣು ಕಾಣಿಸಿಕೊಂಡಿತು. ನಮ್ಮ ಭತ್ತದ ದುಂಡಾಣುವಿನಲ್ಲೂ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಪಂಗಡಗಳು ಚೀನಾದ ಗದ್ದೆಗಳಲ್ಲಿ ಸಿಕ್ಕಿವೆ. ಇದಕ್ಕೆ ಬರಹದಲ್ಲಿ ಒಂದು ಅಕ್ಷರ ಬದಲಾದರೂ ಸಾಕು. ಅಷ್ಟೇ ಅಲ್ಲ, ಔಷಧವನ್ನು ಜೀರ್ಣಿಸಿಕೊಳ್ಳುವ ವಂಶವಾಹಿಗಳನ್ನು ಒಂದು ಜಾತಿಯ ದುಂಡಾಣು ಇನ್ನೊಂದು ಜಾತಿಯದಕ್ಕೆ ದಾಟಿಸಬಲ್ಲುದು. ಗದ್ದೆಯ ಕೆಸರಿನಲ್ಲಿ ಬೆಳೆದ ಈ ಗುಣ ದನಕರುಗಳ, ಮನುಷ್ಯರ ರೋಗಾಣುಗಳನ್ನು ಸೇರಿದರೆ ಆಸ್ಪತ್ರೆಯ ಔಷಧವೇ ನಿರುಪಯುಕ್ತವಾದೀತು. ಈ ಅಪಾಯವನ್ನು ಕಂಡೇ ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿ ಕೃಷಿಯಲ್ಲಿ ಈ ಎರಡು ಔಷಧಗಳ ಬಳಕೆಯನ್ನು ನಿಲ್ಲಿಸುವ ಕರಡು ಆದೇಶವನ್ನು ಪ್ರಕಟಿಸಿತು. ಅಂಗಡಿಯವರು ಕೊಟ್ಟರೂ ಬೇಡವೆನ್ನಿ. ಹಣವೂ ಉಳಿಯಿತು, ಮನೆಮಂದಿಗೆ ಕಾಯಿಲೆಯಾದಾಗ ಔಷಧದ ಗುಣವೂ ಉಳಿಯಿತು.

ಒಬ್ಬನಲ್ಲ, ಮೂವರು ಕಾವಲುಗಾರರು

ಹಾಗಾದರೆ ದಾರಿ ಯಾವುದು? ಒಂದು ವಂಶವಾಹಿಯ ಬದಲು ಬೇರೆ ಬೇರೆ ಬಗೆಯಲ್ಲಿ ಕೆಲಸ ಮಾಡುವ ಹಲವನ್ನು ಒಂದೇ ತಳಿಯಲ್ಲಿ ಕೂಡಿಸುವುದು. ನಮ್ಮ ಕಡೆ ಸೋನಾ ಮಸೂರಿ ಎಂದು ಹೆಸರಾದ ಬಿಪಿಟಿ-5204 ತಳಿಯು 1986ರಲ್ಲಿ ಆಂಧ್ರದ ಬಾಪಟ್ಲದಿಂದ ಸಾಂಬಾ ಮಸೂರಿ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅನ್ನ ರುಚಿ, ಕಾಳು ಸಣ್ಣ, ಗಿರಣಿಯವರು ಕೇಳಿ ಕೊಳ್ಳುತ್ತಾರೆ. ಆದರೆ ದುಂಡಾಣು ಅಂಗಮಾರಿಯನ್ನು ತಡೆಯುವ ಶಕ್ತಿ ಇದಕ್ಕೆ ಇಲ್ಲ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಕೋಶ ಹಾಗೂ ಅಣು ಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಎಕ್ಸ್‌ಎ-5, ಎಕ್ಸ್‌ಎ-13, ಎಕ್ಸ್‌ಎ-21 ಎಂಬ ಮೂರು ವಂಶವಾಹಿಗಳನ್ನು ಸೇರಿಸಿದರು. ಹೀಗೆ ಸಿದ್ಧವಾದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು.

ಇವುಗಳಲ್ಲಿ ಎಕ್ಸ್‌ಎ-21 ಆಫ್ರಿಕದ ಮಾಲಿ ದೇಶದ ಒಂದು ಕಾಡುಭತ್ತದಿಂದ ಬಂದದ್ದು. ಆ ಕಾಡುಭತ್ತ ನಮ್ಮ ದೇಶದ ದುಂಡಾಣುಗಳನ್ನು ತಡೆಯುತ್ತದೆಂದು ಗುರುತಿಸಿದ್ದು ಕಟಕ್‌ನ ಕೇಂದ್ರ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ಎಕ್ಸ್‌ಎ-13 ಕೆಲಸ ಮಾಡುವ ಬಗೆಯೇ ಬೇರೆ. ದುಂಡಾಣು ತನ್ನ ಸೂಜಿಯಂತಹ ಅಂಗದಿಂದ ಗಿಡದ ಜೀವಕೋಶದೊಳಕ್ಕೆ ಒಂದು ಸಸಾರಜನಕ ವಸ್ತುವನ್ನು ಚುಚ್ಚುತ್ತದೆ. ಆ ವಸ್ತು ಗಿಡದ ಸಕ್ಕರೆ ಉಗ್ರಾಣದ ಚಿಲಕವನ್ನು ತೆಗೆದುಬಿಡುತ್ತದೆ. ಹೊರಬಿದ್ದ ಸಕ್ಕರೆಯನ್ನು ತಿಂದು ದುಂಡಾಣು ಕೊಬ್ಬುತ್ತದೆ. ಎಕ್ಸ್‌ಎ-13 ಇರುವ ಗಿಡದಲ್ಲಿ ಆ ಚಿಲಕದ ಆಕಾರವೇ ಬೇರೆ. ಕಳ್ಳನ ಕೈಗೆ ಅದು ಸಿಕ್ಕುವುದಿಲ್ಲ. ಎಕ್ಸ್‌ಎ-5 ಇಂತಹ ಚಿಲಕಗಳ ಕೀಲನ್ನೇ ಬಿಗಿ ಮಾಡುತ್ತದೆ.

ಮೂರು ಕೂಡಿದರೆ ಏಕೆ ಮೇಲು ಎಂಬುದಕ್ಕೆ ಒಂದು ಲೆಕ್ಕ ನೋಡಿ. ತಿಳಿಯಲೆಂದು ಹಾಕಿದ ಲೆಕ್ಕವಿದು, ಗದ್ದೆಯಲ್ಲಿ ಅಳೆದದ್ದಲ್ಲ. ಒಂದು ವಂಶವಾಹಿಯನ್ನು ಸೋಲಿಸುವ ಬದಲಾವಣೆ ಕೋಟಿ ದುಂಡಾಣುಗಳಲ್ಲಿ ಒಂದಕ್ಕೆ ಆಗುತ್ತದೆಂದು ಇಟ್ಟುಕೊಳ್ಳಿ. ಹತ್ತು ಕೋಟಿ ಇರುವ ಒಂದೇ ಎಲೆಯಲ್ಲಿ ಅಂತಹವು ಹತ್ತು ಸಿಕ್ಕವು. ಎರಡು ವಂಶವಾಹಿಗಳನ್ನು ಒಟ್ಟಿಗೆ ಸೋಲಿಸುವುದು ಬೇಕಾದರೆ ಹತ್ತು ಲಕ್ಷ ಎಲೆ ಹುಡುಕಿದರೆ ಒಂದು. ಮೂರನ್ನೂ ಒಟ್ಟಿಗೆ ಸೋಲಿಸುವುದು ಬೇಕಾದರೆ ಹತ್ತು ಲಕ್ಷ ಕೋಟಿ ಎಲೆಗಳಿಗೆ ಒಂದು!

ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರುವುದು ಕಷ್ಟ. ಒಂದೊಂದಾಗಿ ಹತ್ತುವುದು ಸುಲಭ. ಪಕ್ಕದ ಗದ್ದೆಯಲ್ಲಿ ಒಂದೇ ವಂಶವಾಹಿಯ ತಳಿ ಇದ್ದರೆ ದುಂಡಾಣು ಅಲ್ಲಿ ಮೊದಲ ಮೆಟ್ಟಿಲು ಹತ್ತುತ್ತದೆ, ಇನ್ನೊಂದರಲ್ಲಿ ಎರಡನೆಯದು. ಎಕ್ಸ್‌ಎ-21 ಒಂದನ್ನೇ ಹೊತ್ತ ಗಿಡಗಳಿಗೆ ರೋಗ ತರಬಲ್ಲ ಪಂಗಡಗಳು ಭಾರತದಲ್ಲಿ ಈಗಾಗಲೇ ಸಿಕ್ಕಿವೆ. ದೇಶದ ಬೇರೆ ಬೇರೆ ಕಡೆಗಳ 100 ದುಂಡಾಣುಗಳ ಪೂರ್ತಿ ಬರಹ ಓದಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ದೇಶದಲ್ಲೇ ಈ ರೋಗಾಣುವಿನ ಹಲವು ಕವಲುಗಳಿರುವುದು ಕಂಡುಬಂದಿದೆ. ಆದುದರಿಂದ ಮೂವರು ಕಾವಲುಗಾರರಿದ್ದಾರೆಂದು ಬಾಗಿಲು ತೆರೆದಿಟ್ಟು ಮಲಗುವಂತಿಲ್ಲ.

ನಮ್ಮ ಗದ್ದೆಯಲ್ಲಿ ಏನು ಮಾಡಬೇಕು?

ತಳಿ: ಸೋನಾ ಬಿಟ್ಟು ಬೇರೆ ಬೆಳೆಯಿರಿ ಎಂದರೆ ರೈತರು ಒಪ್ಪಲಾರರು, ಗಿರಣಿಯಲ್ಲಿ ಬೆಲೆ ಸಿಗುವುದು ಅದಕ್ಕೇ. ಅದೇ ಕಾಳಿನ ಗುಣವಿರುವ ಸುಧಾರಿತ ಸಾಂಬಾ ಮಸೂರಿಯ ಪ್ರಮಾಣಿತ ಬೀಜ ಸಿಗುತ್ತದೆಯೇ ಎಂದು ಹಂಗಾಮಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಮೊದಲ ವರ್ಷ ಒಂದೆರಡು ಎಕರೆಯಲ್ಲಿ ಬೆಳೆದು ನೋಡಿರಿ. ಇದು ಸಂಕರ ಬೀಜವಲ್ಲ. ಚೊಕ್ಕವಾಗಿ ಬೆಳೆದರೆ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಇದು ಕುಲಾಂತರಿಯೂ ಅಲ್ಲ. ಭತ್ತಕ್ಕೆ ಭತ್ತವನ್ನೇ ಅಡ್ಡಹಾಯಿಸಿ ಪಡೆದದ್ದು. ‘ರೋಗ ನಿರೋಧಕ’ ಎಂದು ಬಾಯಲ್ಲಿ ಹೇಳಿ ಕೊಡುವ ಬಿಡಿ ಬೀಜವನ್ನು ಮಾತ್ರ ಕೊಳ್ಳಬೇಡಿ. ಪೊಟ್ಟಣದ ಚೀಟಿ, ರಸೀತಿ ಎರಡನ್ನೂ ಸುಗ್ಗಿಯವರೆಗೆ ಜೋಪಾನ ಮಾಡಿರಿ.

ಸಸಿ ಮತ್ತು ನಾಟಿ: ಉದ್ದ ಬೆಳೆದ ಸಸಿಯ ತುದಿಯನ್ನು ಕುಡುಗೋಲಿನಿಂದ ಕತ್ತರಿಸಿ ನಾಟಿ ಮಾಡುವ ವಾಡಿಕೆ ಇದೆ. ಇದು ರೋಗಾಣುವಿಗೆ ಸಾವಿರ ಬಾಗಿಲು ತೆರೆದಂತೆ. ತಕ್ಕ ವಯಸ್ಸಿನ ಸಸಿಯನ್ನೇ ಹಚ್ಚಿರಿ. ರೋಗ ಬಿದ್ದ ಊರಿನಿಂದ ಸಸಿ ತರಬೇಡಿ.

ಗೊಬ್ಬರ: ಯೂರಿಯಾವನ್ನು ಒಂದೇ ಸಲ ಸುರಿಯಬೇಡಿ. ಶಿಫಾರಸಿನ ಪ್ರಮಾಣವನ್ನು ಮೀರದೆ ಮೂರು ಕಂತುಗಳಲ್ಲಿ ಕೊಡಿ. ಪೊಟ್ಯಾಷ್ ತಪ್ಪಿಸಬೇಡಿ. ರೋಗ ಕಂಡ ಮೇಲೆ ಉಳಿದ ಯೂರಿಯಾ ಕಂತನ್ನು ತಡೆಹಿಡಿಯಿರಿ. ಬೆಳೆ ಕಪ್ಪುಹಸಿರಾಗಿ ಸೊಕ್ಕಿದರೆ ಕಣ್ಣಿಗೆ ಚೆನ್ನ. ರೋಗಾಣುವಿಗೆ ಇನ್ನೂ ಚೆನ್ನ.

ನೀರು: ರೋಗ ಬಿದ್ದ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಹಾಯಿಸಬೇಡಿ, ಸಾಧ್ಯವಾದ ಕಡೆ ಬಸಿಗಾಲುವೆಗೆ ಬಿಡಿ. ಎಲೆ ಒದ್ದೆಯಾಗಿರುವಾಗ ರೋಗದ ಗದ್ದೆಯಲ್ಲಿ ಓಡಾಡಿ, ಅದೇ ಕಾಲಿನಲ್ಲಿ ಒಳ್ಳೆಯ ಗದ್ದೆಗೆ ಇಳಿಯಬೇಡಿ.

ಸುಗ್ಗಿಯ ನಂತರ: ಕೂಳೆ ಚಿಗುರು, ತಾನಾಗಿ ಮೊಳೆತ ಭತ್ತ, ಬದುವಿನ ಮೇಲಿನ ಹುಲ್ಲು, ಕಾಲುವೆ ದಂಡೆಯ ಕಾಡುಭತ್ತ – ಇವು ದುಂಡಾಣುವಿನ ಬೇಸಿಗೆ ಬಿಡಾರಗಳು. ಕೂಳೆಯನ್ನು ಉತ್ತು ಮಣ್ಣಿಗೆ ಸೇರಿಸಿರಿ. ಭತ್ತದ ಮೇಲೆ ಭತ್ತ ಬೆಳೆಯುವ ಕಡೆ ಒಂದು ಹಂಗಾಮಿಗಾದರೂ ಹೆಸರು, ಉದ್ದು, ಕಡಲೆಯಂತಹ ದ್ವಿದಳ ಬೆಳೆ ಹಾಕಿದರೆ ರೋಗಾಣುವಿನ ಊಟ ತಪ್ಪುತ್ತದೆ, ಮಣ್ಣಿಗೂ ಸಾರ ಸೇರುತ್ತದೆ.

ಒಬ್ಬರಿಂದ ಆಗುವ ಕೆಲಸವಲ್ಲ

ಇಷ್ಟನ್ನೂ ಒಬ್ಬ ರೈತ ಅಚ್ಚುಕಟ್ಟಾಗಿ ಮಾಡಿದರೂ, ಮೇಲಿನ ಗದ್ದೆಯವರು ಮಾಡದಿದ್ದರೆ ರೋಗದ ನೀರು ಹರಿದು ಅವನ ಗದ್ದೆಗೇ ಬರುತ್ತದೆ. ಕಾಲುವೆಯ ಕೊನೆಯಂಚಿನವರಿಗೆ ನೀರು ಕೊನೆಗೆ ಬರುತ್ತದೆ. ಮೇಲಿನವರ ರೋಗವನ್ನು ಮಾತ್ರ ಅದು ತಪ್ಪದೆ ಹೊತ್ತು ತರುತ್ತದೆ. ಆದುದರಿಂದ ಈ ವಿಚಾರವನ್ನು ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಎತ್ತಬೇಕು. ಯಾವ ಉಪಕಾಲುವೆಯಲ್ಲಿ ಯಾವ ತಳಿ, ಯಾರು ದ್ವಿದಳ ಬೆಳೆ ಹಾಕುವವರು, ಬಸಿಗಾಲುವೆ ಯಾರು ತೆಗೆಸುವವರು ಎಂಬುದು ಸಸಿಮಡಿ ಹಾಕುವ ಮೊದಲೇ ತೀರ್ಮಾನವಾಗಬೇಕು.

ಸರ್ಕಾರದ ಕಡೆಯಿಂದಲೂ ಆಗಬೇಕಾದದ್ದಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ಸಂಘಟಿತ ಭತ್ತ ಸಂಶೋಧನಾ ಯೋಜನೆಯಡಿ ಬೇರೆ ಬೇರೆ ಕಡೆಗಳ ದುಂಡಾಣುಗಳ ಬಲವನ್ನು ಪರೀಕ್ಷಿಸಲಾಗುತ್ತದೆ. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವೂ ಈ ಯೋಜನೆಯಲ್ಲಿದೆ. ಆ ಪರೀಕ್ಷೆಯ ಫಲಿತಾಂಶ ವಿಜ್ಞಾನಿಗಳ ಕಡತದಲ್ಲೇ ಉಳಿಯದೆ, ‘ಈ ಸಲ ನಿಮ್ಮ ಭಾಗದಲ್ಲಿ ಇಂಥ ತಳಿ ನಿಲ್ಲುತ್ತದೆ, ಇಂಥದು ನಿಲ್ಲುವುದಿಲ್ಲ’ ಎಂಬ ಮಾತಾಗಿ ಬಿತ್ತನೆಗೆ ಮುಂಚೆ ಹಳ್ಳಿಗೆ ಮುಟ್ಟಬೇಕು. ನಿರೋಧಕ ತಳಿಯ ಬೀಜವೂ ಆ ಹೊತ್ತಿಗೆ ಸೊಸೈಟಿಯಲ್ಲಿ ಇರಬೇಕು. ನಾಟಿ ಮುಗಿದ ಮೇಲೆ ಬರುವ ಬೀಜದಿಂದ ಪ್ರಯೋಜನವಿಲ್ಲ.

ನೀವು ಮಾಡಬಹುದಾದ ಉಪಕಾರವೊಂದಿದೆ. ನಿರೋಧಕ ತಳಿ ಎಂದು ಬೆಳೆದ ಗದ್ದೆಯಲ್ಲಿ ರೋಗ ಕಂಡರೆ ಅಂಗಡಿಗೆ ಓಡುವ ಮುನ್ನ ಲೋಟದ ಪರೀಕ್ಷೆ ಮಾಡಿರಿ. ದುಂಡಾಣು ರೋಗವೇ ಆದರೆ ಹತ್ತಾರು ಎಲೆಗಳನ್ನು ಕಾಗದದಲ್ಲಿ ಸುತ್ತಿ, ಊರು, ತಳಿ, ಬೀಜ ತಂದ ಸ್ಥಳ, ನಾಟಿಯ ದಿನ ಬರೆದು ರೈತ ಸಂಪರ್ಕ ಕೇಂದ್ರಕ್ಕೋ ಸಂಶೋಧನಾ ಕೇಂದ್ರಕ್ಕೋ ತಲುಪಿಸಿರಿ. ಬೀಜದಲ್ಲಿ ಮೋಸವೋ, ರೋಗಾಣು ಬದಲಾಗಿದೆಯೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅಂತಹ ಎಲೆಗಳಿಂದಲೇ. ಮೋಸವಾಗಿದ್ದರೆ ನಿಮ್ಮ ರಸೀತಿ ಮಾತಾಡುತ್ತದೆ. ರೋಗಾಣು ಬದಲಾಗಿದ್ದರೆ, ಮೊದಲು ಕಂಡ ಊರಿನ ಎಲೆ ಮಿಕ್ಕ ನೂರು ಊರುಗಳಿಗೆ ಮುನ್ನೆಚ್ಚರಿಕೆಯಾಗುತ್ತದೆ.